ಸಫಾರಿ ಬಸ್ಸಿನ ಮೆಟ್ಟಿಲೇರಿದ ಮೊಲ

ಕಥೆ ಹೇಳಿ ನನಗೆ ಅಭ್ಯಾಸವಿಲ್ಲ, ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಹುಲಿಗೆ ಹೆದರಿದ ಮೊಲವೊಂದು ಕಾಡು ದಾಟಲೆಂದು ಸಫಾರಿ ಬಸ್ಸಿನ ಹಿಂದಿನ ಮೆಟ್ಟಿಲೇರಿ ಕೂತಿತು. ಆ ಮೆಟ್ಟಿಲು ಬಸ್ಸಿನ ಹೊರಗಿರುತ್ತದೆ, ಇದನ್ನು ನೆನಪಿಡಿ. ಇಷ್ಟು ಗಟ್ಟಿ ಗಾಡಿಯನ್ನು ಹುಲಿ ಏನು ಮಾಡೀತು ಎಂಬುದು ಮೊಲದ ಧೈರ್ಯ.

ಅಷ್ಟರಲ್ಲಿ ಮರದ ಮೇಲಿನ ಮುಸುವ ಹುಲಿ ಬಂತೆಂದು ಕೂಗಿತು. ಜಿಂಕೆಗಳೆಲ್ಲ ದೂರ ಓಡಿದವು. ಬಸ್ಸು ಮಾತ್ರ ಕೂಗು ಬಂದ ಕಡೆಗೇ ತಿರುಗಿತು.

"ಬಸ್ಸಣ್ಣಾ, ದಾರಿ ತಪ್ಪಿತೇ?" ಎಂದು ಮೊಲ ಕೇಳಿತು.

"ಇಲ್ಲ ತಮ್ಮಾ. ಒಳಗಿರುವವರು ಹುಲಿ ನೋಡಲೆಂದೇ ಬಂದವರು. ಅವರ ಕಿಟಕಿಗೆ ಜಾಲರಿಯಿದೆ."

"ನನಗೆ?"

ಬಸ್ಸು ನಿಂತಿತು. ಪೊದೆಯಿಂದ ಹೊರಬಂದ ಹುಲಿ ಕಿಟಕಿಗಳ ಕಡೆ ತಲೆಯನ್ನೂ ಎತ್ತಲಿಲ್ಲ. ನೇರವಾಗಿ ಮೆಟ್ಟಿಲನ್ನೇ ನೋಡಿತು.

ಇದರ ಅರ್ಥವೇನೆಂದರೆ, ಗಾಡಿ ಗಟ್ಟಿಯಿದ್ದರೆ ಸಾಲದು, ಹತ್ತುವ ಮೊದಲು ಅದು ಹೋಗುವುದು... ಇರಿ, ಅಕ್ಕ ಕರೆಯುತ್ತಿದ್ದಾಳೆ, ಬಂದೆ.