ಐದು ನೆಗೆತ, ಒಂದು ಸೀಬೆಹಣ್ಣು

ಮಕ್ಕಳೇ, ನೆಟ್ಟಗೆ ಕುಳಿತು ಕೇಳಿ. ಈ ಕತೆಯಲ್ಲಿ ಎಣಿಕೆ ಇದೆ. ನಡುವೆ ಆಕಳಿಸಿದವರಿಗೆ ಮತ್ತೆ ಮೊದಲಿನಿಂದ ಹೇಳಲಾಗುವುದಿಲ್ಲ.

ಒಂದು ಕಾಡಿನಲ್ಲಿ ಹಾಳುಬಿದ್ದ ಮಂಟಪವಿತ್ತು. ಯಾವನೋ ಪಾಳೆಯಗಾರ ಚದುರಂಗದ ಹುಚ್ಚಿನಿಂದ ಅದರ ನೆಲಕ್ಕೆ ಕಪ್ಪು ಬಿಳಿ ಕಲ್ಲು ಹಾಸಿಸಿದ್ದ. ಉದ್ದಕ್ಕೆ ಎಂಟು ಮನೆ, ಅಡ್ಡಕ್ಕೆ ಎಂಟು ಮನೆ. ಪಾಳೆಯಗಾರ ಹೋದ, ಚಾವಣಿಯೂ ಹೋಯಿತು. ಕಲ್ಲುಹಾಸು ಉಳಿಯಿತು. ಮಂಟಪದ ಜಗಲಿಯ ಕೆಳಗೆ ಒಂದು ಬಿಲವಿತ್ತು. ಎಂಥ ಮಳೆ ಬಂದರೂ ಆ ಬಿಲಕ್ಕೆ ಒಂದು ಹನಿ ನೀರು ನುಗ್ಗುತ್ತಿರಲಿಲ್ಲ.

ಆ ಕಾಡಿನಲ್ಲಿ ಒಂದು ಕಟ್ಟುಪಾಡಿತ್ತು. ಒಂದೇ ವಸ್ತುವನ್ನು ಇಬ್ಬರು ಕೇಳಿದರೆ ಕಚ್ಚಾಡುವಂತಿಲ್ಲ. ಮುದಿ ಉಡ ಕಲ್ಲುಹಾಸಿನ ಮೇಲೆ ಚದುರಂಗದ ಒಗಟೊಂದನ್ನು ಹೂಡುತ್ತಿತ್ತು. ಬಿಡಿಸಿದವರಿಗೆ ವಸ್ತು. ನೇರವಾಗಿ ನಡೆಯುವ ಆನೆಯ ಕೆಲಸ ಏಡಿಯದು. ಓರೆಯಾಗಿ ನಡೆಯುವ ಒಂಟೆಯ ಕೆಲಸ ಬಸವನಹುಳುವಿನದು. ಆ ಒಗಟುಗಳಿಗೆ ಎರಡು ದಿನ ಹಿಡಿಯುತ್ತಿತ್ತು. ನೆಗೆಯುವ ಕುದುರೆಯ ಕೆಲಸ ಕಪ್ಪೆಯದು. ಕಪ್ಪೆ ಹಾಸಿನ ಮೇಲಿರುವಷ್ಟು ಹೊತ್ತು ಅದನ್ನು ಯಾರೂ ತಿನ್ನಬಾರದು ಎಂಬುದೂ ಕಟ್ಟುಪಾಡೇ. ಹೀಗಾಗಿ ಕಪ್ಪೆ ಹಾಸಿನಿಂದ ಇಳಿಯುತ್ತಲೇ ಇರಲಿಲ್ಲ.

ಒಂದು ವರ್ಷ ಮಳೆಗಾಲದ ಹೊಸ್ತಿಲಲ್ಲಿ ಮುಳ್ಳುಹಂದಿಯ ಗುಹೆ ಕುಸಿಯಿತು. ಅದಕ್ಕೆ ಎರಡು ಮರಿಗಳು, ಹುಟ್ಟಿ ಮೂರು ದಿನವಾಗಿತ್ತು. ಮುಳ್ಳುಗಳು ಇನ್ನೂ ಹುಲ್ಲಿನಷ್ಟು ಮೆತ್ತಗಿದ್ದವು. ಮಳೆಗೆ ಸಿಕ್ಕರೆ ಉಳಿಯುವಂತಿರಲಿಲ್ಲ.

"ಅಜ್ಜ, ಜಗಲಿ ಕೆಳಗಿನ ಬಿಲ ನನಗೆ ಬೇಕು" ಎಂದಿತು ಮುಳ್ಳುಹಂದಿ.

"ನನಗೂ ಬೇಕು" ಎಂದಿತು ಮುಂಗುಸಿ.

"ನಿನಗೆ ಈಗಾಗಲೇ ಎರಡು ಬಿಲ ಇವೆಯಲ್ಲ?" ಎಂದಿತು ಉಡ.

"ಮೂರು ಇಲ್ಲವಲ್ಲ!"

ಉಡ ಆಕಾಶ ನೋಡಿತು. ಮೋಡ ಕವಿದಿತ್ತು. ಒಂದು ಮೂಲೆಯ ಕಪ್ಪು ಕಲ್ಲಿನ ಮೇಲೆ ಕಪ್ಪೆಯನ್ನು ಕೂರಿಸಿತು. ಅದರ ಎದುರು ತುದಿಯ ಮೂಲೆಯೂ ಕಪ್ಪು ಕಲ್ಲೇ. ಅಲ್ಲಿ ಒಂದು ಸೀಬೆಹಣ್ಣು ಇಟ್ಟಿತು.

"ಕುದುರೆಯ ನಡೆ ಗೊತ್ತಲ್ಲ? ಎರಡು ಮನೆ ನೇರ, ಒಂದು ಮನೆ ಪಕ್ಕಕ್ಕೆ. ಸರಿಯಾಗಿ ಐದು ನೆಗೆತದಲ್ಲಿ ಕುದುರೆ ಆ ಹಣ್ಣಿನ ಮನೆಯಲ್ಲಿ ಇಳಿಯಬಲ್ಲದೇ? ಆಗುತ್ತದೆ ಎನ್ನುವವರು ಮಾಡಿ ತೋರಿಸಬೇಕು, ಮೂರು ಸಲ ಅವಕಾಶ. ಆಗದು ಎನ್ನುವವರು ಕಾರಣ ಕೊಡಬೇಕು. ಬರೀ ತಲೆಯಾಡಿಸಿದರೆ ಉತ್ತರವಲ್ಲ."

"ಆಗುತ್ತೆ!" ಎಂದಿತು ಮುಂಗುಸಿ. ಉಡ ಇನ್ನೂ ಬಾಯಿ ಮುಚ್ಚಿರಲಿಲ್ಲ.

"ಯೋಚನೆ ಮಾಡಿದೆಯಾ?"

"ಯೋಚನೆ ಏನಿದೆ ಅಜ್ಜ? ಹಣ್ಣಿಗೆ ಏಳು ಮನೆ ಉದ್ದಕ್ಕೆ, ಏಳು ಮನೆ ಅಡ್ಡಕ್ಕೆ. ಒಟ್ಟು ಹದಿನಾಲ್ಕು. ಒಂದು ನೆಗೆತಕ್ಕೆ ಮೂರು ಮನೆ, ಐದು ನೆಗೆತಕ್ಕೆ ಹದಿನೈದು. ಇನ್ನೂ ಒಂದು ಮಿಕ್ಕುತ್ತೆ!" ಮುಂಗುಸಿ ಮುಳ್ಳುಹಂದಿಯ ಕಡೆ ತಿರುಗಿತು. "ಅಕ್ಕ, ಮರಿ ಎತ್ತಿಕೊಂಡು ಬೇರೆ ಕಡೆ ನೋಡಿಕೋ. ಮಳೆ ಬಂದರೆ ನಿನಗೆ ದಾರಿ ಕಾಣೋದು ಕಷ್ಟ."

ಮುಳ್ಳುಹಂದಿ ಹಾಸಿನ ಅಂಚಿನಲ್ಲಿ ನಿಂತು ಕಲ್ಲುಗಳನ್ನು ನೋಡುತ್ತಿತ್ತು.

ಮುಂಗುಸಿ ಹೇಳಿದಂತೆ ಕಪ್ಪೆ ಐದು ಸಲ ನೆಗೆಯಿತು. ಹಣ್ಣಿನ ಎಡಕ್ಕಿರುವ ಮನೆಯಲ್ಲಿ ಇಳಿಯಿತು.

"ಅಯ್ಯೋ, ಒಂದೇ ಮನೆ ತಪ್ಪಿತು! ಲೋ ಕಪ್ಪೆ, ಸರಿಯಾಗಿ ನೆಗಿ."

"ಸರಿಯಾಗೇ ನೆಗೆದೆ, ಅಣ್ಣ. ನೀನು ಹೇಳಿದ್ದು ಇಲ್ಲಿಗೇ."

ಎರಡನೆಯ ಸಲ ಐದು ನೆಗೆತ. ಈ ಬಾರಿ ಹಣ್ಣಿಗಿಂತ ಒಂದು ಮನೆ ಈಚೆ.

"ನೋಡಿದಿರಾ? ಆಚೆ ಬಂತು, ಈಚೆ ಬಂತು. ಇನ್ನು ನಡುವೆ ಬರುವುದೊಂದೇ ಬಾಕಿ" ಎಂದಿತು ಮುಂಗುಸಿ.

ದೂರದಲ್ಲಿ ಗುಡುಗಿತು. ಮುಳ್ಳುಹಂದಿ ಮರಿಗಳನ್ನು ಹೊಟ್ಟೆಯಡಿಗೆ ಎಳೆದುಕೊಂಡಿತು. ಕಣ್ಣು ಮಾತ್ರ ಕಲ್ಲುಗಳ ಮೇಲೇ ಇತ್ತು.

ಮೂರನೆಯ ಸಲ ಕಪ್ಪೆ ಮತ್ತೆ ಹಣ್ಣಿನ ಎಡಕ್ಕೇ ಇಳಿಯಿತು. ಉಡ ಕಣ್ಣು ಮಿಟುಕಿಸಿದ ಹೊತ್ತಿನಲ್ಲಿ ಮುಂಗುಸಿಯ ಬಾಲ ಒಮ್ಮೆ ಅಲುಗಿತು. ಸೀಬೆಹಣ್ಣು ಒಂದು ಮನೆ ಉರುಳಿ ಕಪ್ಪೆಯ ಮೂತಿಗೆ ತಾಗಿ ನಿಂತಿತು.

"ಬಂತು! ಬಂತು! ಹಣ್ಣೂ ಕುದುರೆಯೂ ಒಂದೇ ಮನೆಯಲ್ಲಿ! ಬಿಲ ನನ್ನದು!"

ಉಡ ಕಪ್ಪೆಯನ್ನು ಕೇಳಿತು: "ನೀನು ಹಣ್ಣಿದ್ದಲ್ಲಿಗೆ ಬಂದೆಯಾ?"

"ಇಲ್ಲ ಅಜ್ಜ. ಹಣ್ಣೇ ನಾನಿದ್ದಲ್ಲಿಗೆ ಬಂತು."

"ಹಣ್ಣಿಗೆ ಐದು ನೆಗೆತ ಕೊಟ್ಟಿರಲಿಲ್ಲ" ಎಂದು ಉಡ ಹಣ್ಣನ್ನು ಮತ್ತೆ ಮೂಲೆಯಲ್ಲಿಟ್ಟಿತು. "ನಿನ್ನ ಮೂರು ಸಲ ಮುಗಿಯಿತು. ಮುಳ್ಳುಹಂದಿ, ನೀನು ಹೇಳಮ್ಮ. ಎಷ್ಟು ಸಲ ನೆಗೆಸುತ್ತೀಯ?"

"ಒಂದು ಸಲವೂ ಬೇಡ, ಅಜ್ಜ. ಆಗದು."

ಮುಂಗುಸಿ ನಕ್ಕಿತು. "ಕೈಲಾಗದವರೆಲ್ಲ ಹೇಳೋದು ಇದನ್ನೇ."

"ಕಾರಣ?" ಎಂದಿತು ಉಡ.

"ಕುದುರೆ ಕಪ್ಪು ಕಲ್ಲಿನಿಂದ ನೆಗೆದರೆ ಬಿಳಿ ಕಲ್ಲಿನ ಮೇಲೇ ಇಳಿಯುತ್ತೆ. ಬಿಳಿಯಿಂದ ನೆಗೆದರೆ ಕಪ್ಪಿನ ಮೇಲೆ. ಪ್ರತಿ ಸಲವೂ ಹಾಗೇ, ಒಂದು ಸಲವೂ ತಪ್ಪಲಿಲ್ಲ, ಎಣಿಸುತ್ತಾ ಇದ್ದೆ. ಕಪ್ಪಿನಿಂದ ಹೊರಟಿದೆ. ಒಂದು, ಬಿಳಿ. ಎರಡು, ಕಪ್ಪು. ಮೂರು, ಬಿಳಿ. ನಾಲ್ಕು, ಕಪ್ಪು. ಐದು, ಬಿಳಿ. ಹಣ್ಣಿರೋದು ಕಪ್ಪು ಕಲ್ಲಿನ ಮೇಲೆ. ಮುಂಗುಸಿ ಯಾವ ದಾರಿ ಹಿಡಿದರೂ ಐದನೆಯ ನೆಗೆತ ಬಿಳಿ ಕಲ್ಲು ಬಿಡುವುದಿಲ್ಲ."

ಉಡ ಹಾಸನ್ನು ನೋಡಿತು. ಹಣ್ಣಿನ ಎಡಕ್ಕಿರುವ ಕಲ್ಲು ಬಿಳಿ. ಈಚೆಗಿನ ಕಲ್ಲೂ ಬಿಳಿ.

"ಬಿಲ ನಿನ್ನದು, ಮುಳ್ಳುಹಂದಿ. ಹಣ್ಣೂ ನಿನ್ನದೇ, ಆಮೇಲೆ ಬಂದು ತೆಗೆದುಕೋ."

"ಇದು ಅನ್ಯಾಯ!" ಮುಂಗುಸಿ ಕಿರುಚಿತು. "ನಾನು ಹದಿನೈದು ನೆಗೆತದ ಶ್ರಮ ಪಟ್ಟೆ. ಅವಳು ಸುಮ್ಮನೆ ನಿಂತಿದ್ದಳು!"

"ಹದಿನೈದೂ ನೆಗೆದದ್ದು ನಾನು" ಎಂದಿತು ಕಪ್ಪೆ.

ಅಷ್ಟರಲ್ಲಿ ದಪ್ಪ ಹನಿಗಳು ಬಿದ್ದವು. ಮುಳ್ಳುಹಂದಿ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿ ಬಿಲಕ್ಕೆ ಸಾಗಿಸಿತು. ಎರಡನೆಯ ಮರಿಯೂ ಬೆನ್ನು ಒದ್ದೆಯಾಗುವ ಮೊದಲೇ ಒಳಗಿತ್ತು. ಉಡ ತನ್ನ ಬಂಡೆಯ ಸಂದಿಗೆ ಹೋಯಿತು.

ಮುಂಗುಸಿ ಹೋಗಲಿಲ್ಲ. ಇರುವ ಎರಡು ಬಿಲಗಳಲ್ಲಿ ಒಂದಕ್ಕಾದರೂ ಹೋಗಬಹುದಿತ್ತು. ಆದರೆ ಅದು ಹಾಸಿನ ನಡುವೆ ಕುಳಿತು ಉಗುರಿನಿಂದ ದಾರಿ ಗೀಚುತ್ತಿತ್ತು. "ಇನ್ನೊಂದು ದಾರಿ ಇದೆ... ಒಂದೇ ಮನೆ ತಪ್ಪಿದ್ದು..." ಮಳೆ ಸುರಿಯಿತು. ಬಾಲ ಒದ್ದೆ ಬತ್ತಿಯಂತಾಯಿತು. ಎಷ್ಟು ನೆನೆದರೂ ಬಿಳಿ ಕಲ್ಲುಗಳು ಬಿಳಿಯಾಗೇ ಇದ್ದವು.

ಮಳೆಯಲ್ಲಿ ಖುಷಿಯಾಗಿದ್ದದ್ದು ಕಪ್ಪೆ ಒಂದೇ. ಅದು ತನ್ನ ಮೂಲೆಯಿಂದ ಹೊರಟು ನೆಗೆಯಿತು, ಮತ್ತೆ ನೆಗೆಯಿತು, ಕೊನೆಗೆ ಸೀಬೆಹಣ್ಣಿನ ಮೇಲೇ ಹೋಗಿ ಕುಳಿತಿತು.

ಮುಂಗುಸಿ ಎದ್ದು ನಿಂತಿತು. "ಹೇಗೆ ಬಂದೆ? ಎಷ್ಟು ನೆಗೆತ?"

"ಆರು" ಎಂದಿತು ಕಪ್ಪೆ. "ಆರರಲ್ಲಿ ಆಗುತ್ತೆ, ಅಣ್ಣ. ಆದರೆ ಅಜ್ಜ ಕೇಳಿದ್ದು ಐದು."

ನೀತಿ: ದಾರಿ ಹುಡುಕಲು ಓಡುವ ಮೊದಲು ದಾರಿ ಇದೆಯೇ ಎಂದು ನೋಡಬೇಕು; ಕಾರಣ ಕೊಟ್ಟು ಆಗದು ಎಂದು ಹೇಳುವುದೂ ಪೂರ್ಣ ಉತ್ತರವೇ.