ನಳಿಕೆಯಲ್ಲಿ ಸಾಕಿದ ರೋಗಾಣು

"ಗುರುಗಳೇ, ಏಕಾಂತದಲ್ಲಿ ವರ್ಷಗಟ್ಟಲೆ ಕೂತು ಗೆದ್ದ ಕೋಪ, ಹಿಟ್ಟಿನ ಗಿರಣಿಯಲ್ಲಿ ಒಂದೇ ಗಳಿಗೆಗೆ ಹೇಗೆ ಮರಳಿ ಬಂತು?"

ಕೇಳಿದವನು ಮಠದ ಶಿಷ್ಯ ಅಡವೀಶ. ಅಡುಗೆಯವನಿಗೆ ಜ್ವರ ಬಂದಿದ್ದರಿಂದ ಆ ಬೆಳಗ್ಗೆ ಜೋಳ ಬೀಸಿಸಿಕೊಂಡು ಬರಲು ಅವನನ್ನು ಊರಿಗೆ ಕಳಿಸಿದ್ದರು. ಗಿರಣಿಯ ಸಾಲಿನಲ್ಲಿ ಒಬ್ಬಾತ ಇವನ ಡಬ್ಬಿಯನ್ನು ಕಾಲಿನಿಂದ ಹಿಂದೆ ತಳ್ಳಿ ತನ್ನದನ್ನು ಮುಂದಿಟ್ಟ. ಅಡವೀಶ ಅವನ ಕೆನ್ನೆಗೆ ಬಾರಿಸಿದ. ಬರುವ ತಿಂಗಳು ಆ ಊರಿನ ಶಾಖಾಮಠದ ಹೊಣೆ ಅವನಿಗೆ ಸಿಗುವುದಿತ್ತು. ಹೊಡೆಯುವ ಸ್ವಾಮಿ ನಮಗೆ ಬೇಡವೆಂದು ಊರವರು ಮಧ್ಯಾಹ್ನದೊಳಗೇ ಹೇಳಿಕಳಿಸಿದ್ದರು.

"ನನ್ನನ್ನು ಮತ್ತೆ ಏಕಾಂತಕ್ಕೆ ಕಳಿಸಿ. ಈ ಸಲ ಕೋಪದ ಬೇರನ್ನೇ ಕಿತ್ತು ಬರುತ್ತೇನೆ" ಎಂದ.

"ಏಕಾಂತವಂತೆ!" ಎಂದು ಗುರುಗಳು ಗೊಣಗಿದರು. ಎಷ್ಟು ಹೇಳಿದರೂ ಅಷ್ಟೇ ಎಂಬ ಬೇಸರದಲ್ಲಿ ಹಣೆ ಉಜ್ಜಿಕೊಂಡು ಕತೆ ಶುರುಮಾಡಿದರು.

ಒಬ್ಬ ವಿಜ್ಞಾನಿ ಇದ್ದ. ಕುರಿಗಳನ್ನು ಹಿಂಡುಹಿಂಡಾಗಿ ಕೊಲ್ಲುವ ರೋಗಾಣುವೊಂದಕ್ಕೆ ಲಸಿಕೆ ಕಂಡುಹಿಡಿಯುವುದೇ ಅವನ ಬದುಕಾಗಿತ್ತು. ಹರೆಯದಲ್ಲಿ, ಸತ್ತ ಕುರಿಯ ರಕ್ತದಿಂದ ಆ ರೋಗಾಣುವನ್ನು ತಂದು ಗಾಜಿನ ನಳಿಕೆಯಲ್ಲಿ ಬೆಳೆಸಿದ. ಪ್ರತಿ ಸೋಮವಾರ ಹಳೆಯ ನಳಿಕೆಯಿಂದ ಒಂದು ಚೂರು ತೆಗೆದು ಹೊಸ ನಳಿಕೆಗೆ ಹಾಕುವನು, ಮಾಂಸದ ಸಾರು ಉಣಿಸುವನು, ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಡುವನು. ಹಬ್ಬವಿರಲಿ, ಹುಣ್ಣಿಮೆಯಿರಲಿ, ಒಂದು ಸೋಮವಾರವೂ ತಪ್ಪಿಸಿದವನಲ್ಲ. "ಮಕ್ಕಳು ಉಂಡವೋ ಇಲ್ಲವೋ ಕೇಳುವುದಿಲ್ಲ, ಆ ಮಾರಿಗೆ ಮಾತ್ರ ಹೊತ್ತುಹೊತ್ತಿಗೆ ಊಟ" ಎಂದು ಹೆಂಡತಿ ಹಂಗಿಸುತ್ತಿದ್ದಳು.

ತಲೆ ನರೆಯುವ ಹೊತ್ತಿಗೆ ಲಸಿಕೆ ಸಿದ್ಧವಾಯಿತು. ಲಸಿಕೆ ಹಾಕಿದ ಕುರಿಗೆ ನಳಿಕೆಯ ರೋಗಾಣುವನ್ನು ಚುಚ್ಚಿದರೆ ಅದು ಏನೂ ಆಗದಂತೆ ಮೇಯುತ್ತಿತ್ತು. ಲಸಿಕೆ ಹಾಕದ ಕುರಿಗಳು ಮೊದಮೊದಲು ಸಾಯುತ್ತಿದ್ದವು; ಈಚೀಚೆಗೆ ಜ್ವರ ಬಂದು ಮಲಗಿ, ಮತ್ತೆ ಏಳುತ್ತಿದ್ದವು. ಅದನ್ನು ಅವನು ನೋಡಿದ್ದ, ಯೋಚಿಸಿರಲಿಲ್ಲ. ಗೆದ್ದೆನೆಂಬುವನ ಕಣ್ಣು ಗೆದ್ದ ಕುರಿಯ ಮೇಲೆಯೇ ಇರುತ್ತದೆ.

ಕುರಿಗಾರರ ಹಟ್ಟಿಗಳಿಗೆ ಹೋಗಿ ಲಸಿಕೆ ಹಾಕಿಸಿದ. ಮಳೆ ಬಿತ್ತು, ರೋಗ ಬಂತು. ಹಾಕದವೂ ಸತ್ತವು, ಹಾಕಿಸಿಕೊಂಡವೂ ಸತ್ತವು.

"ಸೂಜಿ ಹಾಕಿಸಿದ್ರ ಸಾಯಂಗಿಲ್ಲ ಅಂದಿದ್ರಲ್ರೀ ಸಾಹೇಬ್ರ?" ಎಂದ ಒಬ್ಬ ಕುರಿಗಾರ.

ವಿಜ್ಞಾನಿಗೆ ಮೈಯೆಲ್ಲ ಉರಿಯಿತು. ಲಸಿಕೆ ಕೆಡದಂತೆ ಇಟ್ಟಿದ್ದ ಮಂಜುಗಡ್ಡೆಯನ್ನು ಕರಗಲು ಬಿಟ್ಟೆಯೆಂದು ಜೀಪಿನ ಚಾಲಕನನ್ನು ಬೈದ. ಸರಿಯಾಗಿ ಚುಚ್ಚಲಿಲ್ಲವೆಂದು ಸಹಾಯಕನನ್ನು ಬೈದ. ಕುರಿಗಾರನನ್ನೂ ಬೈದ, ಮಳೆಯನ್ನೂ ಬೈದ. ಬೈಯಲು ಇನ್ನು ಯಾರೂ ಉಳಿಯದಾದಾಗ ಸತ್ತ ಕುರಿಯ ರಕ್ತವನ್ನು ಪ್ರಯೋಗಾಲಯಕ್ಕೆ ತಂದು, ಅದರೊಳಗಿನ ರೋಗಾಣುವನ್ನೂ ತನ್ನ ನಳಿಕೆಯದನ್ನೂ ಸೂಕ್ಷ್ಮದರ್ಶಕದಲ್ಲಿ ಅಕ್ಕಪಕ್ಕ ಇಟ್ಟು ನೋಡಿದ.

ಹಟ್ಟಿಯದು ಮೈತುಂಬ ದಪ್ಪ ಕವಚ ತೊಟ್ಟಿತ್ತು. ಅವನದು ಬರಿಮೈಯಲ್ಲಿತ್ತು. ಕುರಿಯ ರಕ್ತದಲ್ಲಿ ಕಾದಾಡಿ ಬದುಕುವುದಕ್ಕೆ ಕವಚ ಬೇಕು. ಕೂತಲ್ಲಿಗೇ ಸಾರು ಬರುವಾಗ ಯಾಕೆ ಬೇಕು? ಸೋಮವಾರದಿಂದ ಸೋಮವಾರಕ್ಕೆ ಅದು ಕವಚ ಕಳಚುತ್ತ ಬಂದಿತ್ತು. ಲಸಿಕೆಗೆ ಗೊತ್ತಿದ್ದದ್ದು ಆ ಬರಿಮೈ ಮಾತ್ರ.

"ಥೂ, ಹುಲಿಯನ್ನು ಹಿಡಿದಿದ್ದೇನೆ ಅಂತ ಇಷ್ಟು ವರ್ಷ ಬೆಕ್ಕಿಗೆ ಹಾಲೆರೆದೆನಲ್ಲ!" ಎಂದು ವಿಜ್ಞಾನಿ ತಲೆ ಚಚ್ಚಿಕೊಂಡ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಆಮೇಲೆ?" ಎಂದ ಅಡವೀಶ.

"ಆಮೇಲೇನು? ನರೆತ ತಲೆ ಹೊತ್ತು ಮೊದಲಿನಿಂದ ಶುರುಮಾಡಿದ. ಆದರೆ ರೋಗಾಣುವನ್ನು ಸಾಕಲಿಲ್ಲ. ಪ್ರತಿ ಮಳೆಗಾಲ ಹಟ್ಟಿಗೇ ಹೋಗಿ, ಬೈಸಿಕೊಂಡು, ಹೊಸದನ್ನು ತಂದ. ಕುರಿಗಳು ಉಳಿಯಲು ಶುರುವಾದದ್ದು ಆಮೇಲೆ."

ಅಡವೀಶ ತಲೆದೂಗಿದ. ಒಳ್ಳೆಯ ಕತೆ ಎನಿಸಿತು. "ಹಾಗಾದರೆ ಏಕಾಂತಕ್ಕೆ ಯಾವಾಗ ಹೊರಡಲಿ?" ಎಂದು ಕೇಳಿದ.

ಗುರುಗಳು ಪಕ್ಕದಲ್ಲಿ ಬೀಸದೇ ಉಳಿದಿದ್ದ ಜೋಳದ ಡಬ್ಬಿಯನ್ನು ಕಾಲಿನಿಂದ ಅವನತ್ತ ತಳ್ಳಿದರು. ಅಡವೀಶನ ಮುಖಕ್ಕೆ ರಕ್ತ ಏರಿತು, ಮುಷ್ಟಿ ಬಿಗಿಯಿತು. ಬಿಗಿದ ಮುಷ್ಟಿಯನ್ನು ತಾನೇ ನೋಡಿ ಮೆಲ್ಲಗೆ ಬಿಡಿಸಿದ.

"ಅಡುಗೆಯವನ ಜ್ವರ ಬಿಟ್ಟಿದೆ, ಆದರೂ ಇನ್ನುಮೇಲೆ ಗಿರಣಿಗೆ ನೀನೇ ಹೋಗು."