ಕೋಳಿ ಆರಿಸಿಟ್ಟ ಚಿತ್ತಯ್ಯ

ಚಳ್ಳಕೆರೆ ಕಡೆ ಒಂದೂರು. ಆ ಊರಲ್ಲಿ ಓಬಕ್ಕ, ಓಬಕ್ಕನಿಗೊಬ್ಬ ಮಗ ಚಿತ್ತಯ್ಯ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರೀಲಿತ್ತು. ಹೇಳಿದ್ದನ್ನು ಮಾತ್ರ ಅಕ್ಷರ ಬಿಡದೆ ಮಾಡುವವನು, ಪಾಪ!

ಮಗಳು ಗೌರಕ್ಕ ಬಸುರಿ. ಗಂಡನ ಮನೆಯಿಂದ ಫೋನು ಮಾಡಿ, "ಅವ್ವಾ, ಕಡ್ಡಿಗೆ ಚುಚ್ಚಿ ಸುಟ್ಟ ಕೋಳಿ, ಮೇಲೆ ಶೇಂಗಾ ಗೊಜ್ಜು, ಅದೇ ಬಯಕೆ. ಶನಿವಾರ ಬರ್ತೀನಿ" ಅಂದಳು. ಶನಿವಾರ ಓಬಕ್ಕನಿಗೆ ಶೇಂಗಾ ಮಿಲ್ಲಲ್ಲಿ ರಜೆಯಿಲ್ಲ. ಮೊದಲೇ ಮಾಡಿಡಬೇಕು. ಮನೇಲಿದ್ದದ್ದು ನಾಲ್ಕೇ ಕೋಳಿ, ಬಸುರಿ ಬಾಯಿಗೆ ಹಳಸಿದ್ದು ಹೋಗಬಾರದು.

ಸೋಮವಾರ ಒಂದನ್ನು ತುಂಡು ಮಾಡಿ, ಕಡ್ಡಿಗೆ ಚುಚ್ಚಿ ಸುಟ್ಟಳು. "ಚಿತ್ತಾ, ಇದನ್ನ ಆರಿಸಿಡ್ಲಾ!" ಅಂತ ಕೂಗಿ ಮಿಲ್ಲಿಗೆ ಹೋದಳು. ಸಂಜೆ ಬಂದರೆ ಮೂರು ಗುಡ್ಡೆ!

"ಅವ್ವಾ, ದಪ್ಪಂದು ಈ ಕಡೆ, ಸಣ್ಣಂದು ಆ ಕಡೆ, ಸೀದಿದ್ದು ಮೂಲೇಲಿ. ಎಲ್ಲಾ ಆರಿಸಿದೀನಿ!"

ಹಗಲೆಲ್ಲ ಸೆಕೆಯಲ್ಲಿದ್ದ ಕೋಳಿ ನಾತ ಹೊಡೆಯುತ್ತಿತ್ತು.

"ಅಯ್ಯೋ ಪೆದ್ದೇ! ಆರಿಸೋದು ಅಂದ್ರೆ ತಣ್ಣಗೆ ಮಾಡೋದು ಕಣ್ಲಾ! ಬಿಸೀದನ್ನ ಒಳಗೆ ಬಿಡ್ಬೇಡ. ಗಾಳಿ ಬೀಸಿ ಆರಿಸು, ಆಮೇಲೆ ಮುಚ್ಚಿಡು!"

"ಹೂಂ ಅವ್ವಾ!"

ಮಂಗಳವಾರ ಎರಡನೇ ಕೋಳಿ. ಚಿತ್ತಯ್ಯ ಮೊರ ಹಿಡಿದು ಬೀಸಿದ, ಆರಿಸಿದ. ಸಂಜೆ ಕೋಳಿಯೇ ಇಲ್ಲ!

"ಎಲ್ಲಿಟ್ಟೆ?"

"ಹೇಳಲ್ಲ. ಮುಚ್ಚಿಟ್ಟಿದೀನಿ!"

ಮರುದಿನವೂ ಹುಡುಕಿದ ಮೇಲೆ ಇರುವೆ ಸಾಲು ತಾನಾಗಿ ಹುಲ್ಲಿನ ಬಣವೆ ತೋರಿಸಿತು.

"ನನ್ನ ಹಣೆಬರಾನೇ! ಫ್ರಿಜ್ಜಲ್ಲಿ ಕಣ್ಲಾ, ಮೇಲೆ ಹಿಮ ಕಟ್ಟೋ ಖಾನೇಲಿ! ಕಡ್ಡಿ ತೆಗೆದು ಇಡು, ಗೊಜ್ಜು ಬೇರೆ ಇಡು!"

"ಹೂಂ ಅವ್ವಾ!"

ಗುರುವಾರ ಮೂರನೇ ಕೋಳಿ. ಸಂಜೆ ಓಬಕ್ಕ ಖಾನೆ ತೆಗೆದರೆ, ಹಿಮದಲ್ಲಿ ಸಾಲಾಗಿ ಮಲಗಿದ್ದವು ಬರೀ ಕಡ್ಡಿಗಳು. ಕೋಳಿ ನಾಯಿ ಪಾಲು. ಗೊಜ್ಜು?

"ಬೇರೆ ಮನೇಲಿಟ್ಟೆ. ಅವ್ರು ಮುದ್ದೆ ಜೊತೆ ಉಂಡ್ರು. ಚೆನ್ನಾಗಿತ್ತಂತೆ!"

ಓಬಕ್ಕ ಹೊಸಿಲ ಮೇಲೆ ಕುಸಿದು ಅತ್ತೇಬಿಟ್ಟಳು. ಅವ್ವ ಅಳೋದು ನೋಡಿ ಅವನೂ ಅತ್ತ. ಉಳಿದಿದ್ದು ಒಂದೇ ಹುಂಜ. ಶುಕ್ರವಾರ ಅದನ್ನೂ ಸುಟ್ಟಳು.

"ಕೇಳು ಮಗಾ, ಇದೇ ಕೊನೇದು. ಆರಿದ ಮೇಲೆ ಕೋಳಿ ಒಂದು ಡಬ್ಬೀಲಿ, ಗೊಜ್ಜು ಇನ್ನೊಂದು ಡಬ್ಬೀಲಿ, ಎರಡಕ್ಕೂ ಮುಚ್ಚಳ, ಎರಡೂ ಹಿಮದ ಖಾನೇಲಿ. ಗೌರಕ್ಕಂಗೆ ಅಂತ ಚೀಟಿ ಬರ್ದು ಅಂಟಿಸು. ತಾರೀಖು ಹಾಕು, ಮೂರು ತಿಂಗಳೊಳಗೆ ಖಾಲಿ ಆಗ್ಬೇಕು ಅಂತಾನೂ ಬರಿ."

"ಹೂಂ ಅವ್ವಾ!"

ಶನಿವಾರ ಓಬಕ್ಕ ಮಿಲ್ಲಿಂದ ಓಡೋಡಿ ಬಂದಳು. ಗೌರಕ್ಕ ಆಗ ತಾನೇ ಬಸ್ಸಿಳಿದು ಬಂದಿದ್ದಳು. ಅಂಗಳದ ಬೇವಿನ ಮರದಡಿ ಅವಳನ್ನು ಕೂರಿಸಿ, ಚಿತ್ತಯ್ಯ ಬೆವರು ಸುರಿಸಿಕೊಂಡು ಮೊರದಲ್ಲಿ ಗಾಳಿ ಬೀಸುತ್ತಿದ್ದ.

"ಬಸುರೀನ ಯಾಕ್ಲಾ ಹೊರಗೆ ಕೂರಿಸಿದೀಯ?"

"ಬಿಸಿಲಲ್ಲಿ ಬಂದವ್ಳೆ, ಮೈಯೆಲ್ಲ ಬಿಸಿ! ಬಿಸೀದನ್ನ ಒಳಗೆ ಬಿಡ್ಬೇಡ ಅಂದಿದ್ಯಲ್ಲ. ಆರ್ಲಿ ಅಂತ."

ಕೋಳಿ ಏನಾಯ್ತೋ ಅಂತ ಓಬಕ್ಕ ಒಳಗೆ ಓಡಿ ಖಾನೆ ತೆಗೆದಳು. ಕೋಳಿ ಒಂದು ಡಬ್ಬಿ, ಗೊಜ್ಜು ಒಂದು ಡಬ್ಬಿ, ಎರಡೂ ಕಲ್ಲಿನಂತೆ ಗಟ್ಟಿ! ಮಗನ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು. ಚೀಟಿ ಮಾತ್ರ ಕಾಣಲಿಲ್ಲ. ಅಂಗಳಕ್ಕೆ ಬಂದಳು.

"ಚೀಟಿ ಎಲ್ಲೋ ಕಂದಾ?"

"ಗೌರಕ್ಕಂಗೆ ಅಂಟಿಸು ಅಂದ್ಯಲ್ಲ, ಅಂಟಿಸಿದೀನಿ!"

ಗೌರಕ್ಕ ನಗು ತಡೆಯಲಾರದೆ ಸೆರಗು ಸರಿಸಿದಳು. ಉಬ್ಬಿದ ಹೊಟ್ಟೆಯ ಮೇಲೆ ಚೀಟಿ. ಇವತ್ತಿನ ತಾರೀಖು, ಕೆಳಗೆ ದಪ್ಪಕ್ಷರದಲ್ಲಿ, 'ಮೂರು ತಿಂಗಳೊಳಗೆ ಖಾಲಿ ಆಗ್ಬೇಕು.'

ಓಬಕ್ಕ ಮೊರ ಎತ್ತಿಕೊಂಡಳು. ಗೌರಕ್ಕ ಅವಳ ಕೈ ಹಿಡಿದಳು.

"ಬಿಡವ್ವಾ, ಸರಿಯಾಗೇ ಬರ್ದವ್ನೆ. ಡಾಕ್ಟ್ರಮ್ಮನೂ ಹಂಗೇ ಅಂದವ್ರೆ!"